ಲಿಮೋಜ್‌ನ ಆಟಗಾರ, ಲಿಮೋಜ್‌ನ ಅಧ್ಯಕ್ಷ

ಪಿಂಗಾಣಿಗೆ ಹೆಸರಾದ ಫ್ರಾನ್ಸಿನ ಲಿಮೋಜ್ ನಗರದ ಬ್ಯಾಸ್ಕೆಟ್‌ಬಾಲ್ ಕ್ಲಬ್ ಸಿಎಸ್‌ಪಿಯ ಚರಿತ್ರೆಯನ್ನು ನಿನ್ನೆ ರಾತ್ರಿ ಮತ್ತೆ ಓದಿದೆ. 1929ರಲ್ಲಿ ಹುಟ್ಟಿದ ಈ ಕ್ಲಬ್, 1993ರ ಏಪ್ರಿಲ್‌ನಲ್ಲಿ ಅಥೆನ್ಸ್‌ನಲ್ಲಿ ಇಟಲಿಯ ಬಲಿಷ್ಠ ಬೆನೆಟ್ಟನ್ ಟ್ರೆವಿಸೊ ತಂಡವನ್ನು 59–55ರಿಂದ ಮಣಿಸಿ ಯುರೋಪಿನ ಚಾಂಪಿಯನ್ ಆಯಿತು. ಮಾರ್ಸೇಯ ಫುಟ್‌ಬಾಲ್ ತಂಡ ತನ್ನ ಆಟದಲ್ಲಿ ಅದೇ ಎತ್ತರವನ್ನು ಮುಟ್ಟಿದ್ದು ಅದರ ಮರುತಿಂಗಳು. ಲಿಮೋಜ್‌ನ ತರಬೇತುದಾರ ಬೊಜಿದಾರ್ ಮಾಲ್ಕೊವಿಚ್ ರೂಪಿಸಿದ್ದ ನಿಧಾನಗತಿಯ ರಕ್ಷಣಾತ್ಮಕ ಆಟವನ್ನು ನೀರಸವೆಂದು ಜರೆದವರು ಅನೇಕರು. ನನಗಂತೂ ಆ ತಾಳ್ಮೆಯಲ್ಲಿಯೇ ಸೊಗಸು ಕಾಣುತ್ತದೆ. ಅಥೆನ್ಸ್‌ನ ಆ ಪಂದ್ಯದ ಕೊನೆಯ ಕ್ಷಣಗಳಲ್ಲಿ, ಟ್ರೆವಿಸೊದ ಟೋನಿ ಕುಕೊಚ್‌ನಂತಹ ಮಹಾನ್ ಆಟಗಾರನಿಂದ ಚೆಂಡನ್ನು ಕಸಿದುಕೊಂಡವನು ಲಿಮೋಜ್‌ನ ಫ್ರೆಡರಿಕ್ ಫೋರ್ಟ್ ಎಂಬ ತರುಣ.

2000ದಲ್ಲಿ ಫ್ರೆಂಚ್ ಲೀಗ್, ಫ್ರೆಂಚ್ ಕಪ್, ಯುರೋಪಿನ ಕ್ಲಬ್‌ಗಳ ಕೊರಾಚ್ ಕಪ್ ಮೂರನ್ನೂ ಗೆದ್ದ ಬೆನ್ನಲ್ಲೇ, ಹಣಕಾಸಿನ ಅವ್ಯವಸ್ಥೆಯ ಕಾರಣಕ್ಕೆ ಕ್ಲಬ್ಬನ್ನು ಎರಡನೆಯ ದರ್ಜೆಗೆ ಇಳಿಸಲಾಯಿತು. 2004ರ ಹೊತ್ತಿಗೆ ಅದು ದಿವಾಳಿಯೇ ಎದ್ದಿತ್ತು. ಆಗ ಅಧ್ಯಕ್ಷನಾಗಿ ಬಂದು, ಕೆಳದರ್ಜೆಯಿಂದ ಹಂತಹಂತವಾಗಿ ಮೇಲೆತ್ತಿ, 2014 ಮತ್ತು 2015ರಲ್ಲಿ ಮತ್ತೆ ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೇರಿಸಿದವನು ಅದೇ ಫೋರ್ಟ್. 2017ರ ಡಿಸೆಂಬರ್ 31ರಂದು, ಕೇವಲ 47ನೆಯ ವಯಸ್ಸಿನಲ್ಲಿ ಆತ ತೀರಿಕೊಂಡನೆಂಬ ಸಾಲಿಗೆ ಬಂದಾಗ, ಎಂದೂ ಕಾಣದ ಆ ಮನುಷ್ಯನಿಗಾಗಿ ನನ್ನ ಗಂಟಲು ಕಟ್ಟಿತು.