‘ಎಲ್ಗೋಗ್ಬೇಕು?’ ಮೊದಲು ಕಿವಿಗೆ ಬೀಳಲಿ

ಹೊರರಾಜ್ಯದಿಂದ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಗೆ ಬಂದವರು ಮೂರು ತಿಂಗಳು ಕನ್ನಡ ಕಲಿತ ಮೇಲೂ, ಕಂಡಕ್ಟರ್ ‘ಎಲ್ಗೋಗ್ಬೇಕು?’ ಅಂದರೆ ಪಿಳಿಪಿಳಿ ನೋಡುತ್ತಾರೆ. ಪಾಠದಲ್ಲಿ ಓದಿದ್ದು ‘ಎಲ್ಲಿಗೆ ಹೋಗಬೇಕು’. ಮಾತಿನಲ್ಲಿ ಕೊನೆಯ ಎಕಾರ ಬಿದ್ದು, ಹಕಾರ ಕರಗಿ, ಎರಡು ಪದ ಒಂದಾಗಿಬಿಡುತ್ತದೆ. ಪದ ಅವರಿಗೆ ಗೊತ್ತು, ಅದು ಎಲ್ಲಿ ಮುಗಿಯಿತು ಅನ್ನೋದು ಗೊತ್ತಾಗುವುದಿಲ್ಲ.

ಹಾಗಾಗಿ ಕನ್ನಡ ಕಲಿಸುವವರು ಮೊದಲು ಮಾತು ಕೇಳಿಸಬೇಕು. ಅದಕ್ಕೆ ದೇವರಾಜ ಮಾರುಕಟ್ಟೆಯ 40 ಸೆಕೆಂಡಿನ ಚೌಕಾಸಿ ಸಾಕು (ವ್ಯಾಪಾರಿಯ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿ). ನಿಮಿಷ ದಾಟಿದರೆ ಅದು ನೆನಪಿನ ಪರೀಕ್ಷೆ. ಮೊದಲ ಸಲ ಪ್ರಶ್ನೆ ಒಂದೇ: ಏನು ಮಾರುತ್ತಿದ್ದಾರೆ? ಎರಡನೇ ಸಲ: ಎಷ್ಟಕ್ಕೆ ಕುದುರಿತು? ಮೂರನೇ ಸಲ ವಾಕ್ಯ ವಾಕ್ಯಕ್ಕೂ ನಿಲ್ಲಿಸಿ, ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಸಿ. ಬರಹದ ಪ್ರತಿ ಕೊಡುವುದು ಆಮೇಲೆ. ಮೊದಲೇ ಕೊಟ್ಟರೆ ಕಣ್ಣು ಓದುತ್ತದೆ, ಕಿವಿ ರಜೆ ಹಾಕುತ್ತದೆ.

ಎಡವುವುದು ಹೆಚ್ಚಾಗಿ ಬೆಲೆಯಲ್ಲೇ. ಇಪ್ಪತ್ತು, ಎಪ್ಪತ್ತು: ವ್ಯತ್ಯಾಸ ಮೊದಲ ಸ್ವರವೊಂದೇ, ಗದ್ದಲದಲ್ಲಿ 50 ರೂಪಾಯಿ ಹೋಯಿತು! ಹಿಂದಿಯವರಿಗೆ ‘ಕೊಡು’, ‘ಕೋಡು’ ಒಂದೇ ಥರ ಕೇಳಿಸುತ್ತದೆ, ‘ಬೆಳೆ’ ‘ಬೆಲೆ’ಯಾಗುತ್ತದೆ. ಮಲಯಾಳಿಗಳಿಗೆ ಈ ಕಾಟವಿಲ್ಲ, ಹಾಗಾಗಿ ಇಡೀ ತರಗತಿಗೆ ಒಂದೇ ಡ್ರಿಲ್ ದಂಡ.

1935ರಲ್ಲೇ ಬಾನುಲಿ ಕೇಂದ್ರ ಕಂಡ ಊರಿದು, ನಿಜ. ಹಾಗಂತ ರೇಡಿಯೊ ವಾರ್ತೆಯಿಂದ ಶುರು ಮಾಡಬೇಡಿ. ಅದು ಬರೆದದ್ದನ್ನು ಓದುವ ಕನ್ನಡ. ‘ಬರ್ತೀನಿ’ ಪಳಗಿದ ಮೇಲೆ ಮಂಡ್ಯದ ‘ಬತ್ತೀನಿ’ ಕೇಳಿಸಿ.

ಮಾತಾಡಿಸಲು ಊರಿನ ನಕ್ಷೆ ಒಳ್ಳೆಯದು. ಒಬ್ಬರ ನಕ್ಷೆಯಲ್ಲಿ ಚಿಕ್ಕ ಗಡಿಯಾರದ ಗೋಪುರ ಮಾತ್ರ ಇರಲಿ, ಇನ್ನೊಬ್ಬರದರಲ್ಲಿ ದೊಡ್ಡ ಗಡಿಯಾರದ್ದು ಮಾತ್ರ. ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ದಾರಿ ಹೇಳಿಸಿ; ಕೇಳಿಸಿಕೊಳ್ಳುವವರು ಅದನ್ನು ಗೀಚಲೇಬೇಕು. ಕೆಲಸ ಕೊಡದಿದ್ದರೆ ಸುಮ್ಮನೆ ತಲೆಯಾಡಿಸುತ್ತಾರೆ. ಅದೇ ದಾರಿಯನ್ನು ಮೂರು ಬೇರೆ ಬೇರೆ ಜೊತೆಗಾರರಿಗೆ ಹೇಳಿಸಿ, 4 ನಿಮಿಷ, 3 ನಿಮಿಷ, 2 ನಿಮಿಷ. ಹೊಸಬರಿಗೆ 90, 60, 45 ಸೆಕೆಂಡ್. ವಿಷಯ ಹಳೆಯದಾದಷ್ಟೂ ತಡವರಿಕೆ ಕಮ್ಮಿಯಾಗುತ್ತದೆ. ನಡುವೆ ಬಾಯಿ ಹಾಕಿ ತಿದ್ದಿದರೆ ಎಲ್ಲ ಕೆಟ್ಟಿತು. ತಪ್ಪು ಗುರುತು ಹಾಕಿಕೊಳ್ಳಿ, ಮುಗಿದ ಮೇಲೆ ಮೂರನ್ನು ಮಾತ್ರ ಬೋರ್ಡಿಗೆ ಬರೆಯಿರಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಉಚ್ಚಾರ ಸ್ವಲ್ಪ ಬೇರೆ ಅನ್ನಿಸಿದರೆ ಸಾಕು, ನಮ್ಮ ಅಂಗಡಿಯವರು ಹಿಂದಿಗೋ ಇಂಗ್ಲಿಷಿಗೋ ಹಾರುತ್ತಾರೆ. ಅದಕ್ಕೇ ಮೊದಲ ದಿನ ‘ನನ್ನ ಹೆಸರು’ ಪಾಠಕ್ಕಿಂತ ಮುಂಚೆ ಬಾಯಿಪಾಠ ಮಾಡಿಸಬೇಕಾದದ್ದು: ‘ಕನ್ನಡದಲ್ಲೇ ಹೇಳಿ, ಸ್ವಲ್ಪ ನಿಧಾನಕ್ಕೆ.’