ಲೈಸೆನ್ಸ್ ಆರಿಸುವ ಮೊದಲು ಪುಸ್ತಕದ ಜಾತಕ ಬರೆಯಿರಿ: ಸಣ್ಣ ಆರ್‌ಪಿಜಿ ಪ್ರಕಾಶಕರಿಗೆ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ (ಆರ್‌ಪಿಜಿ), ಅಂದರೆ ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟ, ಬರೆದು ಮಾರಲು ಹೊರಟವರು ಮೊದಲು ಕೇಳುವುದು, "ಯಾವ ಲೈಸೆನ್ಸ್ ಹಾಕಲಿ?" ಎಂದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ: ಪುಸ್ತಕದ ಯಾವ ಭಾಗ ಎಲ್ಲಿಂದ ಬಂತು? ಇದಕ್ಕೆ ಉತ್ತರ, ಅಂದರೆ ಪುಸ್ತಕದ ಜಾತಕ, ಬರೆದಿಟ್ಟುಕೊಂಡಿದ್ದರೆ ಲೈಸೆನ್ಸ್ ಹೆಚ್ಚುಕಡಿಮೆ ತಾನಾಗಿ ತೀರ್ಮಾನವಾಗುತ್ತದೆ. ಬರೆದಿಟ್ಟುಕೊಳ್ಳದಿದ್ದರೆ ಎಷ್ಟು ಒಳ್ಳೆಯ ಲೈಸೆನ್ಸ್ ಹಾಕಿದರೂ ಅದು ನಿಮ್ಮನ್ನು ಕಾಯುವುದಿಲ್ಲ.

2023ರ ಜನವರಿಯಲ್ಲಿ ಆದದ್ದೇ ಇದಕ್ಕೆ ಪಾಠ. ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 2000ದಲ್ಲಿ ಓಪನ್ ಗೇಮ್ ಲೈಸೆನ್ಸ್ (ಓಜಿಎಲ್) ಹೊರತಂದಿತ್ತು. ತನ್ನ ಹೆಸರಾಂತ ಆರ್‌ಪಿಜಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳನ್ನು ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್, ಅಂದರೆ ಎಸ್‌ಆರ್‌ಡಿ ಎಂಬ ಕಡತದಲ್ಲಿ ಕೊಟ್ಟು, ಓಜಿಎಲ್ ಅಡಿಯಲ್ಲಿ ಯಾರು ಬೇಕಾದರೂ ಬಳಸಿ ಮಾರಬಹುದು ಎಂದಿತು. ಆ ಲೈಸೆನ್ಸಿನ 1.0ಎ ಆವೃತ್ತಿಯ 4ನೇ ಕಲಂ ಹಕ್ಕು ಶಾಶ್ವತ ಎನ್ನುತ್ತದೆ. ಹಿಂತೆಗೆದುಕೊಳ್ಳಲಾಗದ್ದು ಎಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ. 9ನೇ ಕಲಂನಲ್ಲಿ ಲೈಸೆನ್ಸಿನ ಯಾವುದೇ "ಅಧಿಕೃತ" ಆವೃತ್ತಿಯನ್ನು ಬಳಸಬಹುದು ಎಂದಿದೆ. ಈ ಒಂದು ವಿಶೇಷಣವನ್ನೇ ಹಿಡಿದು, 2023ರ ಜನವರಿಯಲ್ಲಿ ಸೋರಿಕೆಯಾದ, ಕಂಪನಿಯ ಹೊಸ ಆವೃತ್ತಿ 1.1ರ ಕರಡು 1.0ಎಯನ್ನು ಇನ್ನು ಮುಂದೆ ಅಧಿಕೃತವಲ್ಲ ಎಂದಿತು.

ಆ ಕರಡಿನ ಲೆಕ್ಕ ನೋಡಿ. ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ಗಳಿಸುವವರು ವರದಿ ಕೊಡಬೇಕು. 7,50,000 ಡಾಲರ್ ದಾಟಿದ ಮೊತ್ತದ ಮೇಲೆ ಶೇ 25, ಕಿಕ್‌ಸ್ಟಾರ್ಟರ್ (ಜನರಿಂದ ಮುಂಗಡ ಹಣ ಕೂಡಿಸುವ ಜಾಲತಾಣ) ಹಣಕ್ಕಾದರೆ ಶೇ 20 ರಾಯಲ್ಟಿ. ಇದು ಲಾಭದ ಮೇಲಲ್ಲ, ಒಟ್ಟು ವಹಿವಾಟಿನ ಮೇಲೆ. ಕಿಕ್‌ಸ್ಟಾರ್ಟರ್‌ನಲ್ಲಿ 10 ಲಕ್ಷ ಡಾಲರ್ ಸಂಗ್ರಹವಾದರೆ 2.5 ಲಕ್ಷದ ಮೇಲೆ 50,000 ಡಾಲರ್ ಹೋಗುತ್ತದೆ. ಮುದ್ರಣ, ಚಿತ್ರಕಾರರ ಸಂಭಾವನೆ, ಹಡಗಿನ ಸಾಗಣೆ ಎಲ್ಲ ಕಳೆದ ಮೇಲೆ ಅಷ್ಟು ಉಳಿದಿರುತ್ತದೆ ಎನ್ನುವ ಖಾತರಿಯೇ ಇಲ್ಲ. ಅದರ ಜೊತೆಗೆ ನಿಮ್ಮ ಬರಹವನ್ನು ಕಂಪನಿ ಸಂಭಾವನೆಯಿಲ್ಲದೆ, ಶಾಶ್ವತವಾಗಿ ಬಳಸುವ ಹಕ್ಕನ್ನೂ ಕರಡು ಕೇಳಿತ್ತು. ಆಟಗಾರರೂ ಪ್ರಕಾಶಕರೂ ಒಟ್ಟಾಗಿ ಎದ್ದು ನಿಂತರು. ಜನವರಿ 27ರಂದು ಕಂಪನಿ ಹಿಂದೆ ಸರಿದು 1.0ಎಯನ್ನು ಹಾಗೆಯೇ ಬಿಟ್ಟಿತು. ಅಷ್ಟೇ ಅಲ್ಲ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ಎಸ್‌ಆರ್‌ಡಿ 5.1 ಇಡಿಯಾಗಿ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 (ಸಿಸಿ ಬಿವೈ 4.0) ಅಡಿಯಲ್ಲಿ ಬಂತು. 2025ರ ಏಪ್ರಿಲ್‌ನಲ್ಲಿ ಹೊಸ ನಿಯಮಗಳ ಎಸ್‌ಆರ್‌ಡಿ 5.2 ಕೂಡ ಇದೇ ಲೈಸೆನ್ಸಿನಲ್ಲಿ ಹೊರಬಂತು.

ಸಿಸಿ ಬಿವೈಯಲ್ಲಿ "ಹಿಂತೆಗೆದುಕೊಳ್ಳಲಾಗದ" ಎಂಬ ಮಾತು ಸ್ಪಷ್ಟವಾಗಿ ಇದೆ. ಈ ಲೈಸೆನ್ಸಿನ ಪಠ್ಯ ಯಾವ ಗೇಮ್ ಕಂಪನಿಯ ಕೈಯಲ್ಲೂ ಇಲ್ಲ. ಹಾಗಾಗಿ ಐದನೇ ಆವೃತ್ತಿಗೆ ಹೊಂದುವ ಸಾಹಸಗಳನ್ನೋ ಮಾಂತ್ರಿಕ ವಸ್ತುಗಳನ್ನೋ ಹೊಸದಾಗಿ ಬರೆಯುವವರು ಓಜಿಎಲ್ ಕಡೆ ತಲೆ ಹಾಕುವ ಅಗತ್ಯವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ರೂಢಿಯಲ್ಲಿ ಕೊನೆಯ ಪುಟಕ್ಕೆ ಓಜಿಎಲ್ ಅಂಟಿಸುವವರು ಈಗಲೂ ಇದ್ದಾರೆ. ಹಾಗೆ ಮಾಡಿದರೆ ನಷ್ಟ ನಿಮಗೇ. ಓಜಿಎಲ್‌ನ 7ನೇ ಕಲಂ ಬೇರೆಯವರ ಟ್ರೇಡ್‌ಮಾರ್ಕ್ ಹೆಸರಿಸಿ "ಇದಕ್ಕೆ ಹೊಂದುತ್ತದೆ" ಎಂದು ಹೇಳುವುದನ್ನು ಪ್ರತ್ಯೇಕ ಒಪ್ಪಂದವಿಲ್ಲದೆ ತಡೆಯುತ್ತದೆ. ಸಿಸಿಯಲ್ಲಿ ಬಂದ ಪಠ್ಯಕ್ಕೆ ಆ ಕಟ್ಟು ಇಲ್ಲ. ಇಲ್ಲದ ಕಟ್ಟನ್ನು ಕೈಯಾರೆ ಬಿಗಿದುಕೊಂಡಂತಾಗುತ್ತದೆ.

ಸಿಸಿ ಬಿವೈ ಕೇಳುವುದು ಕಡಿಮೆ, ಆದರೆ ಕೇಳಿದ್ದನ್ನು ಸರಿಯಾಗಿ ಕೊಡಬೇಕು. ಎಸ್‌ಆರ್‌ಡಿಯ ಮೊದಲ ಪುಟದಲ್ಲೇ ಕೃತಜ್ಞತೆಯ ಒಕ್ಕಣೆ ಸಿದ್ಧವಾಗಿದೆ. ಅದನ್ನು ಇದ್ದ ಹಾಗೆಯೇ ನಕಲು ಮಾಡಿ ಕ್ರೆಡಿಟ್ಸ್ ಪುಟದಲ್ಲಿ ಹಾಕಿ. ಅದರಲ್ಲಿ ಕೃತಿಯ ಹೆಸರು, ಆವೃತ್ತಿ ಸಂಖ್ಯೆ, ಕಂಪನಿಯ ಹೆಸರು, ಕಡತ ಸಿಗುವ ವಿಳಾಸ, ಲೈಸೆನ್ಸಿನ ವಿಳಾಸ ಎಲ್ಲ ಇರುತ್ತವೆ. ಪಿಡಿಎಫ್‌ನಲ್ಲಿ ವಿಳಾಸಗಳು ಒತ್ತಿದರೆ ತೆರೆಯುವಂತಿರಲಿ, ಮುದ್ರಿತ ಪ್ರತಿಯಲ್ಲಿ ಪೂರ್ತಿ ಅಚ್ಚಾಗಿರಲಿ. ಕೆಳಗೆ ನೀವು ಏನು ಬದಲಿಸಿದ್ದೀರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಹೆಚ್ಚಿನವರು ಮರೆಯುವುದು ಇದನ್ನೇ. 5.1 ಮತ್ತು 5.2 ಎರಡರಿಂದಲೂ ಪಠ್ಯ ತೆಗೆದಿದ್ದರೆ ಎರಡರ ಒಕ್ಕಣೆಯೂ ಬೇಕು. ವಿಜರ್ಡ್ಸ್‌ಗೆ ಇದಕ್ಕಿಂತ ಬೇರೆ ರೀತಿಯಲ್ಲಿ ಕೃತಜ್ಞತೆ ಹೇಳಬೇಡಿ ಎಂದು ಕಡತವೇ ಕೋರುತ್ತದೆ. "5ಇ ಕಂಪ್ಯಾಟಿಬಲ್" (ಐದನೇ ಆವೃತ್ತಿಗೆ ಹೊಂದುತ್ತದೆ) ಎಂದು ಮುಖಪುಟದಲ್ಲಿ ಹಾಕಬಹುದು, ಲೋಗೋ ಹಾಕುವಂತಿಲ್ಲ. ಟ್ರೇಡ್‌ಮಾರ್ಕ್ ಹಕ್ಕು ಸಿಸಿ ಬಿವೈಯಲ್ಲಿ ಸೇರಿಲ್ಲ. ಲೈಸೆನ್ಸಿನ ಷರತ್ತು ತಪ್ಪಿದರೆ ಲೈಸೆನ್ಸ್ ತಾನಾಗಿ ರದ್ದಾಗುತ್ತದೆ. ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ತಾನಾಗಿ ಮರಳಿ ಬರುತ್ತದೆ.

ನಿಜವಾಗಿ ಕಾಲು ಜಾರುವುದು ಇನ್ನೊಂದು ಕಡೆ. ಅಂಗಡಿಯಲ್ಲಿ ಸಿಗುವ ಪ್ಲೇಯರ್ಸ್ ಹ್ಯಾಂಡ್‌ಬುಕ್ (ಆಟಗಾರರ ಪೂರ್ಣ ನಿಯಮಪುಸ್ತಕ) ಬೇರೆ, ಎಸ್‌ಆರ್‌ಡಿ ಬೇರೆ. ಮೇಜಿನ ಮೇಲೆ ಹ್ಯಾಂಡ್‌ಬುಕ್ ತೆರೆದಿಟ್ಟುಕೊಂಡು ಬರೆಯುವವರು ಲೈಸೆನ್ಸಿನ ಆಚೆಯದನ್ನು ಗೊತ್ತಿಲ್ಲದೆ ಒಳಗೆ ತರುತ್ತಾರೆ. 5.1ರಲ್ಲಿ ಹನ್ನೆರಡು ಕ್ಲಾಸ್‌ಗಳೂ (ಪಾತ್ರದ ಬಗೆಗಳು) ಇವೆ, ಆದರೆ ಒಂದೊಂದಕ್ಕೆ ಒಂದೇ ಸಬ್‌ಕ್ಲಾಸ್ (ಒಳಬಗೆ). ಫೈಟರ್‌ಗೆ ಚಾಂಪಿಯನ್ ಇದೆ, ಬ್ಯಾಟಲ್ ಮಾಸ್ಟರ್ ಇಲ್ಲ. ಫೀಟ್ (ವಿಶೇಷ ಕೌಶಲ) ಅಂತ ಇರುವುದು ಗ್ರ್ಯಾಪ್ಲರ್ ಒಂದೇ, ಬ್ಯಾಕ್‌ಗ್ರೌಂಡ್ (ಪಾತ್ರದ ಹಿನ್ನೆಲೆ) ಅಂತ ಇರುವುದು ಅಕೋಲೈಟ್ ಒಂದೇ. ನಿಮ್ಮ ಪಾತ್ರಕ್ಕೆ ಶಾರ್ಪ್‌ಶೂಟರ್ ಫೀಟ್ ಕೊಟ್ಟು ಅದರ ಪಠ್ಯ ಅಚ್ಚು ಹಾಕಿದರೆ 5.1 ನಿಮ್ಮ ಬೆನ್ನಿಗಿಲ್ಲ. ಮಂತ್ರಗಳ ಹೆಸರಿನಲ್ಲೂ ಹಾಗೆಯೇ: ಹ್ಯಾಂಡ್‌ಬುಕ್‌ನ "ಮೆಲ್ಫ್ಸ್ ಆಸಿಡ್ ಆರೋ" ಎಸ್‌ಆರ್‌ಡಿಯಲ್ಲಿ ಬರೀ "ಆಸಿಡ್ ಆರೋ", "ಬಿಗ್ಬೀಸ್ ಹ್ಯಾಂಡ್" ಅಲ್ಲಿ "ಆರ್ಕೇನ್ ಹ್ಯಾಂಡ್". ಮಾಂತ್ರಿಕರ ಹೆಸರನ್ನು ಕಂಪನಿ ತನಗೇ ಇಟ್ಟುಕೊಂಡಿದೆ. ಔಲ್‌ಬೇರ್ ಎಂಬ ಕಾಲ್ಪನಿಕ ಪ್ರಾಣಿಯ ಅಂಕಿಅಂಶ ಎಸ್‌ಆರ್‌ಡಿಯಲ್ಲಿದೆ. ಬಿಹೋಲ್ಡರ್, ಮೈಂಡ್ ಫ್ಲೇಯರ್ ಇವುಗಳದ್ದು ಇಲ್ಲ. ಬರೆಯುವಾಗ ಹ್ಯಾಂಡ್‌ಬುಕ್ ಮುಚ್ಚಿಟ್ಟು ಎಸ್‌ಆರ್‌ಡಿ ಪಿಡಿಎಫ್ ಮಾತ್ರ ತೆರೆದಿಡಿ. ಮುಗಿದ ಮೇಲೆ ಪ್ರತಿ ಮಂತ್ರ, ಪ್ರಾಣಿ, ವಸ್ತುವಿನ ಹೆಸರನ್ನು ಅದೇ ಪಿಡಿಎಫ್‌ನಲ್ಲಿ ಹುಡುಕಿ. ಸಿಗದಿದ್ದರೆ ಹೊಸದಾಗಿ ನಿಮ್ಮ ಮಾತಿನಲ್ಲಿ ಬರೆಯಿರಿ, ಇಲ್ಲವೇ ತೆಗೆದುಹಾಕಿ.

ನಿಯಮಕ್ಕೆ ಹಕ್ಕುಸ್ವಾಮ್ಯವೇ ಇಲ್ಲವಲ್ಲ ಎನ್ನುವ ವಾದ ಆಗಾಗ ಬರುತ್ತದೆ. ಅಮೆರಿಕದ ಕಾನೂನಿನಲ್ಲಿ ವಿಧಾನ, ಪದ್ಧತಿಗಳಿಗೆ ಹಕ್ಕುಸ್ವಾಮ್ಯ ಇಲ್ಲ ಎಂಬುದು ನಿಜ. 1879ರ ಬೇಕರ್ ವಿರುದ್ಧ ಸೆಲ್ಡನ್ ತೀರ್ಪು ಅದರ ಬುಡ. ಇಪ್ಪತ್ತು ಮುಖದ ದಾಳ ಉರುಳಿಸಿ, ಬೋನಸ್ ಕೂಡಿಸಿ, ಗುರಿಸಂಖ್ಯೆಗೆ ಹೋಲಿಸುವುದು ಯಾರ ಸೊತ್ತೂ ಅಲ್ಲ. ಆದರೆ ಆ ನಿಯಮ ವಿವರಿಸುವ ವಾಕ್ಯಗಳಿಗೆ ಹಕ್ಕಿದೆ. ನಿಯಮ ಎಲ್ಲಿ ಮುಗಿಯಿತು, ವಾಕ್ಯ ಎಲ್ಲಿ ಶುರುವಾಯಿತು ಎಂದು ಕೋರ್ಟಿನಲ್ಲಿ ಸಾಧಿಸುವ ಖರ್ಚು ಒಂಟಿ ಪ್ರಕಾಶಕರಿಗೆ ಎಟುಕುವುದಿಲ್ಲ. ಲೈಸೆನ್ಸ್ ಇರುವುದು ಆ ಜಗಳ ತಪ್ಪಿಸುವುದಕ್ಕೆ.

ಓಜಿಎಲ್ ಬಿಡಲಾಗದವರೂ ಇದ್ದಾರೆ. 2023ರ ಜನವರಿಯ ಘೋಷಣೆ 5.1ಕ್ಕೆ ಮಾತ್ರ ಅನ್ವಯಿಸಿತ್ತು; ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹಳೆಯ 3.5 ಆವೃತ್ತಿಯ ಎಸ್‌ಆರ್‌ಡಿ, ಅದರ ಮೇಲೆ ಕಟ್ಟಿದ ಪೈಜೋ ಕಂಪನಿಯ 2009ರ ಆರ್‌ಪಿಜಿ ಪಾತ್‌ಫೈಂಡರ್ ಮೊದಲ ಆವೃತ್ತಿ ಅದರಲ್ಲಿ ಸೇರಿರಲಿಲ್ಲ. ಅವುಗಳಿಂದ ಪಠ್ಯ ತಂದಿದ್ದರೆ ಓಜಿಎಲ್‌ನ ಪೂರ್ತಿ ಪ್ರತಿ ಪುಸ್ತಕದಲ್ಲಿರಬೇಕು. ನೀವು ತೆಗೆದುಕೊಂಡ ಪ್ರತಿ ಮೂಲದ 15ನೇ ಕಲಂ (ಹಕ್ಕುಸ್ವಾಮ್ಯದ ಸೂಚನೆಗಳ ಪಟ್ಟಿ) ಅನ್ನು ಅಕ್ಷರಶಃ ನಿಮ್ಮ 15ನೇ ಕಲಂಗೆ ಸೇರಿಸಿ, ಕೊನೆಗೆ ನಿಮ್ಮ ಪುಸ್ತಕದ ಸಾಲು ಬರೆಯಬೇಕು. ಯಾವುದು ಓಪನ್ ಕಂಟೆಂಟ್ (ಬೇರೆಯವರು ಬಳಸಬಹುದಾದ ಭಾಗ) ಎಂದು ಗುರುತಿಸುವುದೂ ಕಡ್ಡಾಯ. ಮೂಲ ಪುಸ್ತಕದ 15ನೇ ಕಲಂನಲ್ಲಿರುವ ಒಂದು ಸಾಲು ಬಿಟ್ಟುಹೋದರೂ ಅದು ಉಲ್ಲಂಘನೆಯೇ.

ಓಜಿಎಲ್‌ನಿಂದ ಪೂರ್ತಿ ಹೊರಬರುವುದು ಎಷ್ಟು ಕೆಲಸ ಎಂದು ತಿಳಿಯಲು ಪೈಜೋ ಕಂಪನಿ ಮಾಡಿದ್ದನ್ನು ನೋಡಬೇಕು. 2023ರ ನವೆಂಬರ್‌ನಲ್ಲಿ ಬಂದ ಪಾತ್‌ಫೈಂಡರ್ ರೀಮಾಸ್ಟರ್ ಪುಸ್ತಕಗಳಲ್ಲಿ ಮ್ಯಾಜಿಕ್ ಮಿಸೈಲ್ ಎಂಬ ಮಂತ್ರದ ಹೆಸರು ಹೋಗಿ ಫೋರ್ಸ್ ಬರಾಜ್ ಬಂತು, ಫ್ಲ್ಯಾಟ್‌ಫುಟೆಡ್ ಎಂಬ ಸ್ಥಿತಿಯ ಹೆಸರು ಹೋಗಿ ಆಫ್‌ಗಾರ್ಡ್ ಬಂತು. ಅಲೈನ್‌ಮೆಂಟ್ (ಪಾತ್ರದ ಒಳಿತು-ಕೆಡುಕಿನ ಒಲವು) ಮತ್ತು ಮಂತ್ರಗಳ ಎಂಟು ಶಾಖೆಗಳು ಹೊರಬಿದ್ದವು. ಆ ಪುಸ್ತಕಗಳು ಬಂದದ್ದು ಓಆರ್‌ಸಿ (ಓಪನ್ ಆರ್‌ಪಿಜಿ ಕ್ರಿಯೇಟಿವ್) ಲೈಸೆನ್ಸಿನಲ್ಲಿ. ಪೈಜೋ ಮುಂದಾಳತ್ವದಲ್ಲಿ ಅಜೋರಾ ಲಾ ಎಂಬ ವಕೀಲರ ಸಂಸ್ಥೆ ಬರೆದು, 2023ರ ಮಧ್ಯದಲ್ಲಿ ಅಂತಿಮಗೊಳಿಸಿದ ಲೈಸೆನ್ಸ್ ಇದು.

ಓಆರ್‌ಸಿಗೂ ಸಿಸಿ ಬಿವೈಗೂ ಇರುವ ದೊಡ್ಡ ವ್ಯತ್ಯಾಸ: ಸಿಸಿ ಬಿವೈ ಪಠ್ಯ ಬಳಸಿ ನೀವು ಹೊಸದಾಗಿ ಬರೆದದ್ದನ್ನು ಮುಚ್ಚಿಟ್ಟುಕೊಳ್ಳಬಹುದು. ಓಆರ್‌ಸಿಯಲ್ಲಿ ನಿಮ್ಮ ಹೊಸ ನಿಯಮಗಳೂ ತಾವಾಗಿ ಮುಂದಿನವರಿಗೆ ಮುಕ್ತ. ಕಥೆ, ಊರು, ಪಾತ್ರಗಳ ಹೆಸರು, ಚಿತ್ರ ಮಾತ್ರ ನಿಮ್ಮಲ್ಲೇ ಉಳಿಯುತ್ತವೆ. ಹಂಚಿಕೊಳ್ಳುವ ಮನಸ್ಸಿದ್ದವರಿಗೆ ಇದು ಒಳ್ಳೆಯದು. ನಿಯಮವೇ ನಿಮ್ಮ ಬಂಡವಾಳವಾಗಿದ್ದರೆ ಎರಡು ಸಲ ಯೋಚಿಸಿ.

ಇನ್ನು ಜಾತಕದ ವಿಷಯ. ಒಂದು ಸ್ಪ್ರೆಡ್‌ಶೀಟ್ ಸಾಕು: ಅಂಶದ ಹೆಸರು, ಪುಟ, ಮೂಲ ಕೃತಿ ಮತ್ತು ಆವೃತ್ತಿ, ಅದರ ಲೈಸೆನ್ಸ್, ಬದಲಿಸಿದ್ದೀರಾ ಇಲ್ಲವಾ. ಚಿತ್ರ, ನಕಾಶೆ, ಫಾಂಟ್‌ಗಳಿಗೂ ಸಾಲು ಬೇಕು. ಚಿತ್ರಕಾರರೊಡನೆ ಮಾಡಿಕೊಂಡ ಒಪ್ಪಂದ ಪಿಡಿಎಫ್‌ಗೆ ಮಾತ್ರವೋ ಮುದ್ರಣಕ್ಕೂ ಇದೆಯೋ ಅಲ್ಲೇ ಬರೆದಿಡಿ. ಒಂದೇ ಪುಸ್ತಕದಲ್ಲಿ ಓಜಿಎಲ್ ಮತ್ತು ಓಆರ್‌ಸಿ ಎರಡೂ ಕಾಣಿಸಿಕೊಂಡರೆ ಅಲ್ಲಿಗೇ ನಿಲ್ಲಿಸಿ, ಒಂದನ್ನು ತೆಗೆಯಿರಿ. ಡಿಎಂಸ್ ಗಿಲ್ಡ್ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಭಿಮಾನಿಗಳ ಬರಹ ಮಾರುವ ಆನ್‌ಲೈನ್ ಮಳಿಗೆ) ಎನ್ನುವುದು ಇವೆಲ್ಲಕ್ಕಿಂತ ಬೇರೆಯೇ ಒಪ್ಪಂದ: ಲೇಖಕರಿಗೆ ಶೇ 50 ಸಿಗುತ್ತದೆ, ಕಂಪನಿಯ ಲೋಕಗಳನ್ನು ಬಳಸಬಹುದು, ಆದರೆ ಅಲ್ಲಿ ಹಾಕಿದ್ದನ್ನು ಬೇರೆ ಕಡೆ ಮಾರುವಂತಿಲ್ಲ.

ಕನ್ನಡದಲ್ಲಿ ಆಟ ಕಟ್ಟಬೇಕೆಂದಿರುವವರಿಗೆ ಈ ಬದಲಾವಣೆಯಿಂದ ನೇರ ಲಾಭವಿದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಅನುವಾದದ ಹಕ್ಕು ಮೂಲ ಹಕ್ಕುದಾರರದ್ದು. ಸಿಸಿ ಬಿವೈ ಆ ಅನುಮತಿಯನ್ನು ಮೊದಲೇ ಕೊಟ್ಟಿದೆ. ಎಸ್‌ಆರ್‌ಡಿಯನ್ನು ಇಡಿಯಾಗಿ ಕನ್ನಡಕ್ಕೆ ತಂದು ಮಾರಲು ಯಾರನ್ನೂ ಕೇಳಬೇಕಿಲ್ಲ, ಅನುವಾದಕ್ಕೆ ಯಾವ ಲೈಸೆನ್ಸ್ ಎಂಬುದೂ ನಿಮ್ಮ ಇಷ್ಟ. ಕೃತಜ್ಞತೆಯ ಒಕ್ಕಣೆಯನ್ನು ಮಾತ್ರ ಮೂಲದ ಇಂಗ್ಲಿಷಿನಲ್ಲೇ ಬಿಟ್ಟು, ಅದರ ಕೆಳಗೆ ಕನ್ನಡದಲ್ಲಿ "ಇದು ಅನುವಾದ, ಇಂಥ ಅಧ್ಯಾಯಗಳನ್ನು ಕೈಬಿಡಲಾಗಿದೆ, ಅಡಿಗಳನ್ನು ಮೀಟರ್‌ಗೆ ಬದಲಿಸಲಾಗಿದೆ" ಎಂದು ನೀವು ಮಾಡಿದ ಬದಲಾವಣೆಗಳನ್ನು ಹೇಳಿ.