‘ನಿಮ್ಮ ಅಸಲಿ ಉಚ್ಚಾರಣೆ ಯಾವುದು?’ ಎಂದು ಕೇಳುವವರಿಗೆ

ರಂಗಭೂಮಿಗಾಗಿ ಮತ್ತು ಧ್ವನಿಮುದ್ರಣದ ಕೆಲಸಕ್ಕಾಗಿ ನಾನು ಇಂಗ್ಲಿಷಿನ ಬೇರೆ ಬೇರೆ ಉಚ್ಚಾರಣೆಗಳಲ್ಲಿ ತರಬೇತಿ ಪಡೆದಿದ್ದೇನೆಂದು ತಿಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ‘ಹಾಗಾದರೆ ನಿಮ್ಮ ಅಸಲಿ ಉಚ್ಚಾರಣೆ ಯಾವುದು?’ ಎಲ್ಲವೂ ನನ್ನವೇ. ಮನೆಯಲ್ಲಿ ಆಡುವ ಮಾತೂ ನನ್ನದು, ಪಾತ್ರಕ್ಕಾಗಿ ತಿಂಗಳುಗಟ್ಟಲೆ ರೂಢಿಸಿಕೊಂಡದ್ದೂ ನನ್ನದು. ನೃತ್ಯ ಕಲಿತವರನ್ನು ‘ನಿಮ್ಮ ಅಸಲಿ ನಡಿಗೆ ಯಾವುದು’ ಎಂದು ಯಾರೂ ಕೇಳುವುದಿಲ್ಲ. ನಾಲಿಗೆಯನ್ನು ಪಳಗಿಸಿದವರ ಮೇಲೆ ಮಾತ್ರ ಈ ಗುಮಾನಿ ಏಕೆ?

ಒಮ್ಮೆ ನಾಟಕ ಮುಗಿದು ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಹಿರಿಯರೊಬ್ಬರು ಒಳಗೆ ಬಂದು ಕುಳಿತರು. ಹತ್ತು ನಿಮಿಷ ಅದೂ ಇದೂ ಮಾತಾಡಿದ ಮೇಲೆ ಎಲ್ಲರೆದುರು, ‘ಚೆನ್ನಾಗಿ ಮಾಡಿದೆಯಮ್ಮ, ಇನ್ನು ಆ ವೇಷ ಸಾಕು, ನಿನ್ನ ಸ್ವಂತ ದನಿಯಲ್ಲಿ ಎರಡು ಮಾತಾಡು, ಕೇಳೋಣ’ ಎಂದರು. ನಾನು ಅಲ್ಲಿಯವರೆಗೆ ಅವರೊಡನೆ ಆಡಿದ್ದೆಲ್ಲ ಕನ್ನಡವೇ ಆಗಿತ್ತು! ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಂದು ರಂಗದ ಮೇಲೆ ನಾನು ಪಟ್ಟ ಶ್ರಮದಲ್ಲಿ ಒಂದಿಷ್ಟೂ ಅವರಿಗೆ ಕಂಡಿರಲಿಲ್ಲ ಎಂಬ ಬೇಸರ ಇಂದಿಗೂ ಹೋಗಿಲ್ಲ.

ಆ ಶ್ರಮ ಎಂಥದೆಂದು ಹೇಳುತ್ತೇನೆ. ನಾವು ಕನ್ನಡಿಗರು ಪದದ ಮೊದಲಲ್ಲಿ ಬರುವ ‘ಎ’ಕಾರಕ್ಕೆ ಯಕಾರವನ್ನೂ ‘ಒ’ಕಾರಕ್ಕೆ ವಕಾರವನ್ನೂ ಅರಿವಿಲ್ಲದೆ ಸೇರಿಸುತ್ತೇವೆ, ‘ಎಲೆ’ ಎಂದು ಬರೆದು ‘ಯೆಲೆ’ ಎನ್ನುತ್ತೇವೆ. ಅದೇ ಅಭ್ಯಾಸದಿಂದ ‘ಎಗ್’ ಎಂಬುದು ‘ಯೆಗ್’ ಆಗುತ್ತದೆ, ‘ಓಪನ್’ ಎಂಬುದು ‘ವೋಪನ್’ ಆಗುತ್ತದೆ. ಇನ್ನು ‘ಪ’ಕಾರದ ವಿಷಯ. ತುಟಿಯೆದುರು ತೆಳುವಾದ ಕಾಗದದ ಪಟ್ಟಿಯೊಂದನ್ನು ಹಿಡಿದು ‘ಪಿನ್’ ಎಂದು ಇಂಗ್ಲಿಷರಂತೆ ಉಚ್ಚರಿಸಿದರೆ ಕಾಗದ ಅಲುಗಬೇಕು, ‘ಸ್ಪಿನ್’ ಎಂದಾಗ ಹೆಚ್ಚುಕಡಿಮೆ ಸುಮ್ಮನಿರಬೇಕು. ನಮ್ಮ ‘ಪ’ ಅಲ್ಪಪ್ರಾಣವಾದ್ದರಿಂದ ನಮ್ಮ ಬಾಯಲ್ಲಿ ಎರಡು ಸಲವೂ ಕಾಗದ ಕದಲುವುದಿಲ್ಲ. ಕಾಗದವನ್ನು ಬೇಕಾದಾಗ ಮಾತ್ರ ಅಲುಗಿಸುವುದನ್ನು ಕಲಿತ ಮೇಲೂ, ಸಂಭಾಷಣೆಯ ಭಾವ ಏರಿದಾಗ ಹಳೆಯ ‘ಪ’ ತಾನೇ ನುಗ್ಗಿ ಬರುತ್ತದೆ. ಕೋಪದ ದೃಶ್ಯಗಳಿಗೆ ಎಲ್ಲಕ್ಕಿಂತ ಹೆಚ್ಚಿನ ತಾಲೀಮು ಬೇಕಾಗುವುದು ಇದಕ್ಕಾಗಿಯೇ.

‘ಮೊದಲು ಕೇಳಿಸದಿದ್ದದ್ದು ಈಗ ಏನು ಕೇಳಿಸುತ್ತದೆ?’ ಎಂದು ಯಾರಾದರೂ ವಿಚಾರಿಸಬಾರದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಉಚ್ಚಾರಣೆಯ ತರಬೇತಿಯಲ್ಲಿ ಮೊದಲು ಪಳಗಬೇಕಾದದ್ದು ಕಿವಿ. ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಇಂಗ್ಲಿಷ್ ಮನೆಮಾತಿನ 6ರಿಂದ 8 ತಿಂಗಳ ಶಿಶುಗಳು ಹಿಂದಿಯ ‘ತ’ ಮತ್ತು ‘ಟ’ಗಳ ವ್ಯತ್ಯಾಸವನ್ನು ಗುರುತಿಸುತ್ತವೆ, ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿರುತ್ತದೆ. ನಮಗೆ ಅಷ್ಟು ಸ್ಪಷ್ಟವಾದ ಭೇದ ಅವರ ಹಿರಿಯರಿಗೆ ಕೇಳಿಸದಿರುವಂತೆಯೇ, ಮೇಲಿನ ಹಲ್ಲು ಕೆಳದುಟಿಗೆ ತಾಗಿ ಹುಟ್ಟುವ ‘ವೈನ್’ ಎಂಬ ಬಳ್ಳಿಯೂ ಎರಡು ತುಟಿ ದುಂಡಾಗಿ ಹುಟ್ಟುವ ‘ವೈನ್’ ಎಂಬ ಮದ್ಯವೂ ನಮ್ಮ ಕಿವಿಗೆ ಒಂದೇ. ನನಗೆ ಕಲಿಸಿದವರು ಮೊದಲ ಕೆಲವು ವಾರ ಬಾಯಿ ತೆರೆಯಲು ಬಿಡದೆ, ಕೇವಲ ಕೇಳಿ ಗುರುತು ಹಾಕಿಸಿದರು. ಆ ಭೇದ ಕಿವಿಗೆ ಬಿದ್ದ ದಿನದ ಸಂತೋಷವನ್ನು ಯಾರಿಗಾದರೂ ವಿವರಿಸುವ ಆಸೆ ನನಗೆ ಇನ್ನೂ ಇದೆ.

ಕಚೇರಿಯ ಒತ್ತಾಯಕ್ಕೆ ಉಚ್ಚಾರಣೆ ಬದಲಿಸಲು ಹೊರಟವರ ಸಂಗತಿ ಬೇರೆ. ಮನ್ರೊ ಮತ್ತು ಡರ್ವಿಂಗ್ ಅವರ 1995ರ ಅಧ್ಯಯನದಲ್ಲಿ, ಪರಭಾಷೆಯ ಛಾಯೆ ದಟ್ಟವಾಗಿದೆ ಎಂದು ಕೇಳುಗರು ಹೇಳಿದ ಎಷ್ಟೋ ಮಾತುಗಳನ್ನು ಅದೇ ಕೇಳುಗರು ಒಂದಕ್ಷರ ತಪ್ಪದೆ ಬರೆದುಕೊಂಡಿದ್ದರು. ಆದ್ದರಿಂದ ‘ನಿಮ್ಮ ಉಚ್ಚಾರಣೆ ಸರಿಯಿಲ್ಲ’ ಎಂದು ಮೇಲಧಿಕಾರಿಗಳು ಹೇಳಿದರೆ, ಯಾವ ಪದ ಅರ್ಥವಾಗಲಿಲ್ಲ ಎಂದು ಮೊದಲು ಅವರನ್ನು ಕೇಳಿ. ಅವರು ಪದವನ್ನು ಹೆಸರಿಸಿದರೆ ಅಭ್ಯಾಸವನ್ನು ಅದರಿಂದಲೇ ಆರಂಭಿಸಿ; ಹೆಸರಿಸಲಾಗದಿದ್ದರೆ ತರಬೇತಿಗೆ ಹಣ ಕಟ್ಟುವ ಅವಸರ ಮಾಡಬೇಡಿ.